ಸಾಲು ಬಿಚ್ಚುವವರ ಸಂಘ

ಹೋದ ತಿಂಗಳು ಒಂದು ದಿನ ಫ್ರಿಜ್ಜಿನ ಬಾಗಿಲು ತೆಗೆದರೆ ಮೊಸರಿನ ಪಾತ್ರೆಯ ಪಕ್ಕದಲ್ಲಿ ನೀಲಿ ನೂಲಿನ ರೀಲು ಕೂತಿತ್ತು. ಮುಟ್ಟಿದರೆ ಬೆರಳಿಗೆ ಜುಂ ಎನ್ನುವಷ್ಟು ತಣ್ಣಗೆ. ನನ್ನ ಮನೆಯವರು ಹಿಂದಿನಿಂದ ಇಣುಕಿ, "ಈ ಸೆಖೆಗೆ ನೂಲಿಗೂ ತಂಪು ಬೇಕಲ್ಲ ಮಾರಾಯ್ತಿ" ಎಂದು ನಕ್ಕರು. ನಾನೂ ನಕ್ಕೆ. ನಗದೆ ಎಂತ ಮಾಡುವುದು? ಆದರೆ ನಮ್ಮ ಮನೆಯಲ್ಲಿ ನೂಲು ಮುಟ್ಟುವವಳು ನಾನೊಬ್ಬಳೇ. ಅಲ್ಲಿ ಇಟ್ಟದ್ದು ನಾನೇ ಆಗಿರಬೇಕು. ಇಟ್ಟ ನೆನಪು ಮಾತ್ರ ಚೂರೂ ಇರಲಿಲ್ಲ.

ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕದವರು ಯಾರಿದ್ದಾರೆ ಎಂದು ನೀವು ಸಮಾಧಾನ ಹೇಳಬಹುದು. ಹೇಳಿ, ನನಗೂ ಬೇಕು. ಆದರೆ ನಾನು ಕಲ್ಯಾಣಿ ದೊಡ್ಡಮ್ಮನನ್ನು ಕಂಡವಳು. ನನ್ನ ಅಮ್ಮನ ಅಕ್ಕ. ಅವರ ನೆನಪು ಸೋರಲು ಸುರುವಾದದ್ದು ಮಾತಿನಲ್ಲಿ ಗೊತ್ತಾಗಲಿಲ್ಲ, ಹೊಲಿಗೆಯಲ್ಲಿ ಗೊತ್ತಾಯಿತು.

ಬಂಟ್ವಾಳದಲ್ಲಿ ಡಾಕ್ಟರ ಹತ್ತಿರ ಹೋದೆ. ಕಾಗದ ಕೊಟ್ಟು ಗಡಿಯಾರ ಬರೆಯಿರಿ ಎಂದರು, ಬರೆದೆ. ಏನೇನೋ ಹೆಸರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಕೆಲವು ಬಂದವು, ಕೆಲವು ಬರಲಿಲ್ಲ. "ಈಗಲೇ ಏನೂ ಹೇಳಲಿಕ್ಕಾಗುವುದಿಲ್ಲ. ಕೈಗೂ ತಲೆಗೂ ಕೆಲಸ ಕೊಡಿ, ನಾಲ್ಕು ಜನರೊಟ್ಟಿಗೆ ಇರಿ. ಮಳೆಗಾಲ ಕಳೆದು ಪುನಃ ಬನ್ನಿ" ಅಂದರು. ನಾನು ಬಿಡುತ್ತೇನೆಯೇ? "ಉಂಟೋ ಇಲ್ಲವೋ, ಒಂದು ಹೇಳಿ ಡಾಕ್ಟ್ರೇ. ನಡುವೆ ನೇತಾಡಿಸಬೇಡಿ" ಎಂದು ಜಗ್ಗಿದೆ. ಅವರು ಪೆನ್ನು ಜೇಬಿಗೆ ಸಿಕ್ಕಿಸುತ್ತಾ, "ಅಮ್ಮಾ, ಇದು ಸೀರೆಯಂಗಡಿ ಅಲ್ಲ" ಅಂದರು.

ನನ್ನ ಕಸುಬು ಅವರಿಗೆ ಹೇಗೆ ಗೊತ್ತಾಯಿತೋ. ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಊರೂರು ತಿರುಗಿ ಸೀರೆ ಮಾರಿದವಳು ನಾನು. ಆಮೇಲೆ ವಾಮದಪದವಿನಲ್ಲಿ ಸ್ವಂತ ಅಂಗಡಿ ಹಾಕಿದೆ. ಈಗ ಅದನ್ನು ಮಗಳು ನೋಡುತ್ತಾಳೆ. ನಾನು ಹೋದರೆ "ಅಮ್ಮ ಬಂದರೆ ಗಿರಾಕಿಗಳು ಹೆದರಿ ಬೇಗ ವ್ಯಾಪಾರ ಮುಗಿಸ್ತಾರೆ" ಎಂದು ತಮಾಷೆ ಮಾಡುತ್ತಾಳೆ. ಹಾಗಾಗಿ ನಾಲ್ಕು ಜನ ಬೇಕೆಂದರೆ ಎಲ್ಲಿಗೆ ಹೋಗುವುದು? ವ್ಯಾಪಾರ ಬಿಟ್ಟರೆ ನನಗೆ ಗೊತ್ತಿರುವುದು ಒಂದೇ, ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಗೋದಡಿ ಹೊಲಿಯುವುದು. ಈಗ ಅದಕ್ಕೂ ಅಲ್ಲಲ್ಲಿ ಸಂಘಗಳಾಗಿವೆ. ಮೂರು ಕಡೆ ನೋಡಿದೆ. ಮೊದಲ ಅಂಗಡಿಯಲ್ಲೇ ಕೊಳ್ಳುವವರು ಮೂರ್ಖರು, ಇದನ್ನು ನೀವೂ ನೆನಪಿಡಿ. ಇನ್ನೊಂದು ಮಾತು: ಯಾವ ಸಂಘಕ್ಕೆ ಸೇರುವುದಿದ್ದರೂ ಒಳಗೆ ಹೋಗುವ ಮೊದಲು ಹೊರಗಿನ ಚಪ್ಪಲಿ ನೋಡಿ. ಸಾಲಾಗಿ ಜೋಡಿಸಿಟ್ಟಿದ್ದರೆ ಒಳಗೆ ಮಾತು ಕಡಿಮೆ. ಒಂದರ ಮೇಲೊಂದು ಬಿದ್ದಿದ್ದರೆ ಧೈರ್ಯವಾಗಿ ಹೋಗಬಹುದು.

ಮೂಡುಬಿದಿರೆಯಲ್ಲಿ ಚಪ್ಪಲಿಗೆ ಕಪಾಟೇ ಇತ್ತು. ಮಹಡಿಯ ಮೇಲೆ ಕ್ಲಾಸು, ಒಬ್ಬೊಬ್ಬರಿಗೆ ಒಂದೊಂದು ಮೇಜು, ಒಂದೊಂದು ಮಿಷನ್ನು. ಕಲಿಸುವ ಹುಡುಗಿ ಬಹಳ ಒಳ್ಳೆಯವಳು. ನಾನು ಒಂದು ತುಂಡನ್ನು ಒಳಹೊರಗಾಗಿ ಕೂಡಿಸಿಬಿಟ್ಟೆ. ಅವಳು ನೋಡಿ, "ಸೂಪರ್ ಆಂಟಿ! ಇದೂ ಒಂದು ಡಿಸೈನೇ" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹರಿದ ಸೀರೆಯನ್ನು ಹೊಸ ಫ್ಯಾಷನ್ ಎಂದು ಮಾರಿದವಳಿಗೆ ಈ ಮಾತಿನ ಬೆಲೆ ಗೊತ್ತಿಲ್ಲವೇ? ಕೆಳಗಿಳಿದು ಕಪಾಟಿನಿಂದ ಚಪ್ಪಲಿ ತೆಗೆದುಕೊಂಡೆ. ಇಲ್ಲಿ ನಾನು ನಾಳೆ ತೋಳನ್ನು ಕುತ್ತಿಗೆಗೆ ಹೊಲಿದರೂ ಸೂಪರೇ.

ಬೆಳ್ತಂಗಡಿ ಕಡೆ ಅಳದಂಗಡಿಯಲ್ಲಿ ಹೆಂಗಸರು ಹಾಲ್ ಒಂದರಲ್ಲಿ ಸೇರಿ ಬಾಣಂತಿಯರಿಗೆಂದು ಮೆತ್ತನೆಯ ಗೋದಡಿ ಹೊಲಿಯುತ್ತಾರೆ. ಚಪ್ಪಲಿಗಳು ಹದವಾಗಿ ಬಿದ್ದಿದ್ದವು. ಚಹಾ ಉಂಟು, ಗೋಳಿಬಜೆ ಉಂಟು, ಹಾಡೂ ಉಂಟು. "ಅಮ್ಮ ಇಲ್ಲಿ ಕೂತುಕೊಳ್ಳಿ, ಗಾಳಿ ಬರ್ತದೆ" ಎಂದು ನನಗೆ ಒಳ್ಳೆಯ ಜಾಗ ಬಿಟ್ಟುಕೊಟ್ಟರು. ನಾನೂ ಒಂದು ಸಾಲು ಹೊಲಿದು ಚಹಾ ಕೈಗೆತ್ತಿಕೊಂಡೆ. ಇಲ್ಲಿಗೇ ಬರುವ ಎಂದು ಮನಸ್ಸಿನಲ್ಲಿ ನಿಶ್ಚಯವೂ ಆಗಿತ್ತು. ಆಗ ನನ್ನ ಬಲಗಡೆ ಕೂತ ಹುಡುಗಿಯ ಕೈ ನೋಡಿದೆ, ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಕೆಳಗಿಟ್ಟೆ.

ಯಾಕೆ ಎಂದು ಹೇಳಬೇಕಾದರೆ ಗೋದಡಿ ಹೊಲಿಯುವ ಕ್ರಮ ಸ್ವಲ್ಪ ಹೇಳಬೇಕು. ನೆಲದ ಮೇಲೆ ಸೀರೆಗಳನ್ನು ಹಾಸಿ ನಾಲ್ಕು ಬದಿಗೆ ನಾಲ್ಕು ಜನ ಕೂರುತ್ತೇವೆ. ಅಂಚಿನಿಂದ ಸುರುಮಾಡಿ, ಸುತ್ತಿ ಸುತ್ತಿ, ಹೊಲಿಗೆ ನಡುವಿಗೆ ಬರಬೇಕು. ಒಬ್ಬಳ ಸಾಲು ಮುಗಿದ ಮೂಲೆಯಿಂದ ಬಲಗಡೆಯವಳು ಮುಂದುವರಿಸುತ್ತಾಳೆ. ಹಾಗಾಗಿ ಒಬ್ಬಳ ಸಾಲು ವಾಲಿದರೆ ಬಲಗಡೆಯವಳಿಗೆ ಎರಡೇ ದಾರಿ: ಅದನ್ನು ಬಿಚ್ಚಬೇಕು, ಇಲ್ಲವೇ ತಾನೂ ವಾಲಬೇಕು. ಅಳದಂಗಡಿಯ ಆ ಹುಡುಗಿ ತುಟಿಯಲ್ಲಿ ನಗು ಇಟ್ಟುಕೊಂಡು, ನನ್ನ ಓರೆ ಸಾಲಿಗೆ ತನ್ನ ನೆಟ್ಟಗಿನ ಸಾಲನ್ನು ಬಗ್ಗಿಸುತ್ತಿದ್ದಳು.

ನನ್ನ ಅಮ್ಮನೂ ಹೀಗೆಯೇ ಬಗ್ಗಿಸುತ್ತಿದ್ದರು.

ಆಗ ನನಗೆ ಮದುವೆಯಾಗಿರಲಿಲ್ಲ. ನಮ್ಮ ಕೇರಿಯಲ್ಲಿ ಸೂಜಿ ಹಿಡಿದವರೆಲ್ಲ ಕಲ್ಯಾಣಿ ದೊಡ್ಡಮ್ಮನಿಂದ ಕಲಿತವರು. ಹಿರಿಯವಳು ಹಾಕಿದ ಸಾಲನ್ನು ಕಿರಿಯವಳ ಕೈ ಬಿಚ್ಚಬಾರದು. ಅದು ನಮ್ಮಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದ್ದ ಮರ್ಯಾದೆ. ಹಗ್ಗ ಹಿಡಿದು ಎಳೆದಂತೆ ಇರುತ್ತಿದ್ದ ದೊಡ್ಡಮ್ಮನ ಸಾಲು ಒಂದು ಬೇಸಿಗೆಯಲ್ಲಿ ವಾಲತೊಡಗಿತು. ಅಮ್ಮ ತನ್ನ ಸಾಲನ್ನು ಅದಕ್ಕೆ ಬಗ್ಗಿಸಿದರು. ಅಮ್ಮನ ಪಕ್ಕ ನಾನು, ನನ್ನ ಸಾಲೂ ಬಗ್ಗಿತು. "ಅಮ್ಮ, ಓರೆ ಉಂಟಲ್ಲ?" ಎಂದರೆ ತೊಡೆ ಚಿವುಟಿ, "ಬಾಯಿ ಮುಚ್ಚು. ಅಕ್ಕನಿಗೆ ಬೇಜಾರಾಗ್ತದೆ" ಎಂದು ಪಿಸುಗುಟ್ಟಿದರು. ಆ ಗೋದಡಿಯ ಹೊಲಿಗೆ ಪೂರಾ ಒಂದು ಕಡೆಗೆ ಸುಳಿ ತಿರುಗಿದಂತಿತ್ತು. ದೊಡ್ಡಮ್ಮ ಮಾತ್ರ ಅಂಗೈಯಿಂದ ಸವರಿ, "ಎಷ್ಟು ನೇರ ಬಂತು ನೋಡು" ಎಂದರು. "ಹೌದಕ್ಕ" ಎಂದರು ಅಮ್ಮ.

ಹಾಗೆ ಎಷ್ಟು ಹೌದುಗಳೋ. ಸಾರಿಗೆ ಉಪ್ಪು ಹೆಚ್ಚಾದರೆ ಹೌದು, ತೀರಿಹೋದವರು ಬಂದು ಹೋದರು ಎಂದರೂ ಹೌದು. ಕೊನೆಗೆ ಒಂದು ದಿನ ಹಿತ್ತಿಲಿಗೆ ಹೋದವರು ಕಾಣಲಿಲ್ಲ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ತನ್ನ ತಾಯಿಮನೆಗೆ ಯಾವ ಬಸ್ಸು ಎಂದು ಕಂಡಕ್ಟರನ್ನು ಕೇಳುತ್ತಿದ್ದರಂತೆ. ಮನೆಗೆ ಕರೆತಂದು ಕಾಲು ತೊಳೆಸಿ ಕೂರಿಸಿದಾಗ ಅವರ ತಲೆ ಒಮ್ಮೆಲೇ ತಿಳಿಯಾಯಿತು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. "ನಿಮಗೆಲ್ಲ ಮೊದಲೇ ಗೊತ್ತಿತ್ತಲ್ಲ?" ಎಂದರು. "ನನಗೊಂದು ಮಾತು ಹೇಳಬಾರದಿತ್ತಾ? ತಲೆ ಸರಿ ಇರುವಾಗ ಮಾಡ್ಲಿಕ್ಕೆ ನನಗೂ ಎಂತೆಂತದ್ದೋ ಇತ್ತು."

ಏನಿತ್ತು ಎಂದು ಕೇಳುವಷ್ಟರಲ್ಲಿ ಅವರು ಪುನಃ ತಾಯಿಮನೆಯ ಬಸ್ಸಿನ ವಿಷಯಕ್ಕೆ ಹೋಗಿದ್ದರು.

ನನ್ನ ಹೆದರಿಕೆ ಕಾಯಿಲೆಯದ್ದು ಮಾತ್ರ ಎಂದುಕೊಂಡಿದ್ದೆ. ಅಳದಂಗಡಿಯಿಂದ ಬರುವ ಬಸ್ಸಿನಲ್ಲಿ ಸರಿಯಾಗಿ ಗೊತ್ತಾಯಿತು: ಊರಿಗೆಲ್ಲ ಗೊತ್ತಾಗಿ ಕಟ್ಟಕಡೆಗೆ ನನಗೆ ಗೊತ್ತಾಗುವುದು, ಹೆದರಿಕೆ ಅದರದ್ದು. ಫ್ರಿಜ್ಜಿನ ಎದುರು ನಕ್ಕರಲ್ಲ ನನ್ನ ಮನೆಯವರು, ಆ ನಗುವೂ ಒಂದು ಬಗ್ಗಿದ ಸಾಲಾಗಿದ್ದರೆ?

ಮೂರನೆಯದು ವೇಣೂರಿನಲ್ಲಿ. ಜುಬೈದಾ ಎಂಬವರ ಮನೆಯ ಜಗಲಿಯಲ್ಲಿ ಅವರೂ ಇನ್ನಿಬ್ಬರೂ. ನಾಲ್ಕನೆಯ ಬದಿಗೆ ಜನ ಬೇಕಿತ್ತು. ಹೊರಗೆ ಒಂದು ಚಪ್ಪಲಿ ಮಗುಚಿ ಬಿದ್ದಿತ್ತು. ಚಹಾದ ಸುದ್ದಿಯಿಲ್ಲ. ನಾನು ಒಂದು ಸಾಲು ಮುಗಿಸಿದ್ದೇ ತಡ, ಬಲಗಡೆಯಿಂದ ಜುಬೈದಾ ಬಗ್ಗಿ ನೋಡಿ, "ಎಂತ ಅಕ್ಕ, ನಿಮ್ಮ ಸಾಲು ಸಂತೆಗೆ ಹೊರಟದ್ದಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಸೂಜಿಯ ತುದಿಯಿಂದ ಎತ್ತಿ ಎತ್ತಿ ಸಾಲನ್ನು ಪೂರಾ ಬಿಚ್ಚಿಬಿಟ್ಟರು. ಉಳಿದಿಬ್ಬರು ನಕ್ಕರು. ಸೀರೆಯ ಮೇಲೆ ಬರೀ ತೂತುಗಳ ಗೆರೆ ಉಳಿಯಿತು. ಅದು ಎಷ್ಟು ಓರೆ ಇತ್ತೆಂದು ನಾನು ನೋಡಿದೆ. ಸೂಜಿಯನ್ನು ಸೀರೆಗೆ ಚುಚ್ಚಿಟ್ಟೆ. "ಬಸ್ಸಿಗೆ ಹೊತ್ತಾಯಿತು" ಎಂದು ಎದ್ದುಬಂದೆ.

ಆಮೇಲಿನ ವಾರವೆಲ್ಲ ಮನಸ್ಸು ಅಳದಂಗಡಿಯ ಗೋಳಿಬಜೆಯ ಕಡೆಗೇ ಎಳೆಯಿತು. ಅಲ್ಲಿ ಗಾಳಿ ಬರುವ ಜಾಗ ಉಂಟು, ಅಮ್ಮ ಎಂದು ಕರೆಯುವವರಿದ್ದಾರೆ. ಆದರೆ ಒಂದು ಮಾತು ಕೇಳಿ. ಗಿರಾಕಿಯ ಮುಖ ನೋಡಿ ಸಿಹಿ ಮಾತಾಡುವ ಅಂಗಡಿಯಲ್ಲಿ ಬಣ್ಣ ಹೋಗುವ ಸೀರೆ ಸಿಗುತ್ತದೆ. ಇದನ್ನು ನಾನೇ ಮಾರಿ ಕಲಿತದ್ದು.

ನಿನ್ನೆ ಪುನಃ ವೇಣೂರಿಗೆ ಹೋದೆ. ಜುಬೈದಾ ಜಗಲಿಯಲ್ಲಿ ಒಬ್ಬರೇ ಸೀರೆಗಳನ್ನು ಹಾಸುತ್ತಿದ್ದರು. "ಅವತ್ತು ಹಾಗೆ ಎದ್ದು ಹೋದಿರಲ್ಲ, ಇನ್ನು ಬರ್ಲಿಕ್ಕಿಲ್ಲ ಅಂತ ಎಣಿಸಿದ್ದೆ" ಎಂದರು. ನಾನು ನಿಂತೇ ಎಲ್ಲ ಹೇಳಿದೆ, ಡಾಕ್ಟರು ಹೇಳಿದ್ದನ್ನೂ ದೊಡ್ಡಮ್ಮನ ಕತೆಯನ್ನೂ. ಮಗಳಿಗೂ ಇಷ್ಟು ಹೇಳಿರಲಿಲ್ಲ. "ಸೇರ್ತೇನೆ. ಆದರೆ ನನ್ನದೊಂದು ಷರತ್ತು ಉಂಟು" ಎಂದೆ. "ನೀವೇ ನನ್ನ ಬಲಗಡೆ ಕೂರಬೇಕು. ವಾಲಿದರೆ ಬಿಚ್ಚಬೇಕು. ಬಿಚ್ಚಿ ಬಿಚ್ಚಿ ಪ್ರಯೋಜನವಿಲ್ಲ ಅಂತ ಕಂಡ ದಿನ ಅದನ್ನು ಮೊದಲು ನನಗೆ ಹೇಳಬೇಕು. ನಮ್ಮವರಿಗಲ್ಲ, ಮಗಳಿಗಲ್ಲ, ನನಗೆ."

ಅವರು ಸೀರೆಯ ಸುಕ್ಕು ತೆಗೆಯುವುದನ್ನು ನಿಲ್ಲಿಸಿದರು.

"ಹೇಳ್ತೇನೆ" ಎಂದರು. "ನನ್ನದೂ ಒಂದು ಉಂಟು. ಹೇಳಿದ ಮಾರನೇ ದಿನವೂ ನೀವು ಬರಬೇಕು. ಸಾಲು ಹೇಗಾದರೂ ಬರಲಿ. ಬಿಚ್ಚುವ ಕೆಲಸ ನನ್ನದು, ನೀವು ಕೂತರೆ ಆಯ್ತು."

ಜೀವಮಾನವಿಡೀ ಚೌಕಾಸಿ ಮಾಡಿದವಳು ನಾನು. ಒಂದು ಮಾತು ಏರಿಸಲಿಲ್ಲ, ಇಳಿಸಲಿಲ್ಲ. ಹೆದರಿಕೆ ಇಳಿಯಿತೆಂದು ನಿಮಗೆ ಸುಳ್ಳು ಹೇಳುವುದಿಲ್ಲ. ಅದೂ ನನ್ನ ಜೊತೆಗೇ ಬಂದು ಕೂತಿತು. ಸೂಜಿ ತೆಗೆದುಕೊಂಡು ನನ್ನ ಬದಿಗೆ ಕೂತೆ. ಜುಬೈದಾ ಎದ್ದು ಬಂದು ಬಲಗಡೆ ಕೂತರು.