ಎರವಲು ವಯಸ್ಸಿನ ಕಂಬ

ಹನೋಯ್‌ನ ಆ ಹಳೆಯ ಸರ್ಕಾರಿ ವಠಾರದಲ್ಲಿ ಬಾಂಗ್‌ನಷ್ಟು ಸೊಕ್ಕಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಮನೆ ಹಂಚುವ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ನಿವೃತ್ತನಾದರೂ ಜನರನ್ನು ಸಾಲಿನಲ್ಲಿ ನಿಲ್ಲಿಸಿ ನೋಡುವ ಚಾಳಿ ಬಿಟ್ಟಿರಲಿಲ್ಲ. ಅವನದು ನೆಲದ ಮನೆ. ಮೇಲೆ ಒಂದರ ಮೇಲೊಂದು ಮೂರು ಸಂಸಾರ. ಅವರೆಲ್ಲ ತನ್ನ ತಲೆಯ ಮೇಲೆ ಬಂದು ಕೂತ ಕಾಗೆಗಳೆಂದೇ ಅವನ ಭಾವನೆ. ಅದರಲ್ಲೂ ಎಲ್ಲಕ್ಕಿಂತ ಮೇಲಿನ ತುದಿ ಮನೆಯ ತ್ವಾನ್ ಎಂದರೆ ಮೂಗು ಮುರಿಯುತ್ತಿದ್ದ. ತ್ವಾನ್ ಬೀದಿಯ ಗೋಡೆಗೆ ಕನ್ನಡಿ ತೂಗುಹಾಕಿ ಕ್ಷೌರ ಮಾಡುವವನು.

"ಮೆಟ್ಟಿಲ ತುಂಬ ಕೂದಲು ಉದುರಿಸ್ಕೊಂಡು ಹೋಗ್ತೀಯಲ್ಲೋ, ನಾಚ್ಕೆ ಆಗಲ್ವಾ?"

"ನಿಮ್ಮ ತಲೇದಂತೂ ಅಲ್ಲ ಬಿಡಿ ದೊಡ್ಡಪ್ಪ," ಎಂದು ತ್ವಾನ್ ಆ ಬೋಳುತಲೆಗೆ ಕೈಮುಗಿದು ಮೇಲೆ ಹೋಗುತ್ತಿದ್ದ.

ಬಾಂಗ್‌ನ ಮಗಳು ಲೂವಾ ಹೆರಿಗೆಗೆ ತವರಿಗೆ ಬರುವವಳಿದ್ದಳು. ಇದ್ದ ಒಂದೇ ಕೋಣೆಯಲ್ಲಿ ಗಂಡ, ಹೆಂಡತಿ, ಮಗ, ಸೊಸೆ, ಅವರ ಮಕ್ಕಳು. ಬಾಣಂತಿಯನ್ನು ಎಲ್ಲಿ ಮಲಗಿಸುವುದು? ಸುತ್ತಲಿನ ವಠಾರಗಳು ದಾರಿ ತೋರಿಸಿದ್ದವು. ಹಳೆಯ ಗೋಡೆ ಕೆಡವದೆ, ಅಂಗಳದಿಂದ ಕಂಬ ಎಬ್ಬಿಸಿ, ಪ್ರತಿ ಮನೆಗೂ ಮುಂದಕ್ಕೆ ಒಂದೊಂದು ಕೋಣೆ ಅಂಟಿಸುವುದು. ಹುಲಿಬೋನು ಅಂತ ಅದಕ್ಕೆ ಹೆಸರು. ಕಂಬ ನಿಲ್ಲಬೇಕಾದದ್ದು ಬಾಂಗ್‌ನ ಅಂಗಳದಲ್ಲಿ, ಕಟ್ಟಿದರೆ ನಾಲ್ಕೂ ಮನೆ ಒಟ್ಟಿಗೆ ಕಟ್ಟಬೇಕು. ಮೇಲಿನವರೆಲ್ಲ ಕೂಡಲೇ ಹೂಂ ಅಂದರು.

ಆದರೆ ಬಾಂಗ್‌ನ ವಯಸ್ಸಿಗೆ ಆ ವರ್ಷ ದೋಷವಿತ್ತು. ಅಂಥವನು ಗುದ್ದಲಿ ಹಾಕಿದರೆ ಹೆಂಡತಿ ಮಕ್ಕಳಿಗೆ ಕೇಡೆಂದು ಅಲ್ಲಿನ ನಂಬಿಕೆ. ಹಾಗಾದಾಗ ಒಳ್ಳೆಯ ವಯಸ್ಸಿನವನಿಂದ ವಯಸ್ಸು ಎರವಲು ಪಡೆಯುತ್ತಾರೆ. ಅವನೇ ಮನೆಯ ಯಜಮಾನನೆನ್ನಿಸಿಕೊಂಡು ಮೊದಲ ಗುದ್ದಲಿ ಹಾಕುತ್ತಾನೆ. ನಿಜವಾದ ಯಜಮಾನ ಅಷ್ಟು ಹೊತ್ತು ಅತ್ತ ಸುಳಿಯಬಾರದು. ಜೋಯಿಸ ಎಣಿಸಿ ನೋಡಿದರೆ, ಆ ನಾಲ್ಕು ಮನೆಗಳಲ್ಲಿ ಹೊಂದಿಬಂದದ್ದು ತ್ವಾನ್‌ನ ವಯಸ್ಸೊಂದೇ!

ಬಾಂಗ್ ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿದ.

"ಅಯ್ಯೋ, ಅದಕ್ಕೇನಂತೆ, ತಗೊಳ್ಳಿ ದೊಡ್ಡಪ್ಪ," ಎಂದ ತ್ವಾನ್. "ಆದ್ರೆ ನಾನು ಕರೆಯೋವರ್ಗೂ ಅಂಗಳಕ್ಕೆ ಕಾಲಿಡಬೇಡಿ."

ಆ ಬೆಳಿಗ್ಗೆ ಬಾಂಗ್‌ನನ್ನು ಓಣಿಯ ತುದಿಯ ಚಹಾದಂಗಡಿಗೆ ಅಟ್ಟಿದರು. ಲೋಟ ಕೈಗೆ ಬಂತು, ಕುಡಿಯದೆ ಕೆಳಗಿಟ್ಟ. ಎದ್ದು ಬಂದು ಇಣುಕಿದ. ಊದುಬತ್ತಿ, ಬೇಯಿಸಿದ ಕೋಳಿ, ಅಂಟಕ್ಕಿ ಅನ್ನ. ಎಲ್ಲದರ ಮುಂದೆ ಇಸ್ತ್ರಿ ಅಂಗಿ ತೊಟ್ಟ ತ್ವಾನ್! ಸ್ವಂತ ಹೆಂಡತಿಯೇ ಅವನಿಗೆ "ಯಜಮಾನ್ರೇ, ಶುರು ಮಾಡಿ" ಅನ್ನುತ್ತಿದ್ದಾಳೆ. ಬಾಂಗ್‌ಗೆ ಮೈಯೆಲ್ಲ ಉರಿದುಹೋಯಿತು. ನುಗ್ಗಿ ಗುದ್ದಲಿ ಕಿತ್ತುಕೊಂಡ.

"ನನ್ನ ಅಂಗಳ ಕಣೋ ಇದು! ಕ್ಷೌರ ಮಾಡೋನು ಇದಕ್ಕೆ ಯಜಮಾನನಾ?" ಎಂದವನೇ ಮೊದಲ ಏಟು ನೆಲಕ್ಕೆ ಹಾಕಿಯೇಬಿಟ್ಟ.

ಮೊದಲ ಮಹಡಿಯ ಹೆಂಗಸು ಕೋಳಿಯ ತಟ್ಟೆ ಎತ್ತಿಕೊಂಡಳು. "ಈ ಕಂಬದ ಮೇಲೆ ನಾನಂತೂ ನನ್ನ ಮಕ್ಕಳನ್ನ ಮಲಗಿಸಲ್ಲಪ್ಪ," ಎಂದು ನಡೆದಳು. ಮೇಲಿನ ಮೂವರೂ ತಂತಮ್ಮ ಬಾಲ್ಕನಿಗೆ ಕಬ್ಬಿಣದ ಚೌಕಟ್ಟು ತೂಗುಹಾಕಿ, ತಗಡು ಹೊದಿಸಿ, ಚಿಕ್ಕದಾದರೂ ಒಂದೊಂದು ಬೋನು ಮಾಡಿಕೊಂಡರು. ಕೆಳಗೆ ಬಾಂಗ್‌ನ ಪಾಲಿಗೆ ಉಳಿದದ್ದು ಆ ಒಂದೇಟಿನ ಗುಂಡಿ. "ಮಗಳು ಹೆರೋವರ್ಗೂ ಆ ನೆಲಕ್ಕೆ ಇನ್ನೊಂದೇಟು ಬಿದ್ರೆ ನಾನು ಸುಮ್ನಿರಲ್ಲ," ಎಂದು ಹೆಂಡತಿ ಗುಡುಗಿದ್ದಳು.

ಲೂವಾ ಬಂದಳು. ಗುಂಡಿ ನೋಡಿದಳು.

"ಒಂದು ಬೆಳಿಗ್ಗೆ ಸುಮ್ನೆ ಚಹಾ ಕುಡೀತಾ ಕೂತಿರೋಕೆ ಆಗ್ಲಿಲ್ವಾ ಅಪ್ಪಾ? ನನಗೋಸ್ಕರ?"

ತ್ವಾನ್‌ನ ಹೆಂಡತಿ ಇಳಿದು ಬಂದು, "ನಮ್ಮ ಬೋನು ಖಾಲಿ ಇದೆ, ಬಾರಮ್ಮ" ಎಂದು ಅವಳ ಚೀಲ ಎತ್ತಿಕೊಂಡಳು.

ಗಂಡು ಮಗು ಹುಟ್ಟಿತು. ಆಸ್ಪತ್ರೆಯಿಂದ ತಾಯಿ ಮಗು ತುದಿ ಮನೆಗೇ ಬಂದರು. ಬಾಂಗ್‌ನ ಮನೆಯವರೆಲ್ಲ ಹತ್ತಿ ಹೋಗಿ ನೋಡಿ ಬಂದರು. ಒಂದು ಮಧ್ಯಾಹ್ನ ಅವನೂ ಯಾರಿಗೂ ಹೇಳದೆ ಹತ್ತಿದ. ಬಾಗಿಲ ಹೊರಗೆ ನಿಂತು ಮಗುವಿನ ಅಳು ಕೇಳುತ್ತಿದ್ದಾಗ ತ್ವಾನ್ ಬಾಗಿಲು ತೆಗೆದ.

"ಬನ್ನಿ ದೊಡ್ಡಪ್ಪ, ಒಳಗೆ ಬನ್ನಿ. ನಿಮ್ಮ ಮೊಮ್ಮಗನೇ ಅಲ್ವಾ."

"ನಿನ್ನ ಮನೆಗೆ ಯಾರು ಬಂದ್ರೋ? ಗಾಳಿ ತಗೊಳ್ಳೋಕೆ ಬಂದೆ," ಎಂದು ಬಾಂಗ್ ತಿರುಗಿದ.

"ಯಾರಣ್ಣ ಅದು?" ಒಳಗಿಂದ ಲೂವಾ ಕೇಳಿದಳು.

ಬಾಂಗ್ ಮೆಟ್ಟಿಲಿಳಿಯುವುದನ್ನೇ ನೋಡುತ್ತ ತ್ವಾನ್ ಹೇಳಿದ: "ಯಾರೂ ಅಲ್ಲ ತಾಯಿ."