ಗಿರಿಜತ್ತೆ ಸುತ್ತಿದ ಕಾಯಿಲ್

ಬಿಸಿ ವಾರ್ನಿಶಿನ ವಾಸನೆ ಎಲ್ಲಿ ಬಂದರೂ ನಾನು ಒಂದು ಗಳಿಗೆ ನಿಂತುಬಿಡುತ್ತೇನೆ. ಬ್ರಹ್ಮಾವರದ ನಮ್ಮ ಹಳೆಯ ಮನೆ ಈಗಿಲ್ಲ. ಆ ಜಾಗದಲ್ಲಿ ಬಸ್ಸುಗಳು ತಿರುಗುತ್ತವೆ. ಆ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪಯ್ಯ ಸುಟ್ಟುಹೋದ ಮೋಟಾರು, ಡೈನಮೊಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದರು. ಹಾಗೆಂದು ಊರು ನಂಬಿತ್ತು. ನಿಜವಾಗಿ ಸುತ್ತುತ್ತಿದ್ದವಳು ಅವರ ಅಕ್ಕ, ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದ ಗಿರಿಜತ್ತೆ. ಒಳಕೋಣೆಯಲ್ಲಿ ಕೂತು, ನೂಲು ಹೊದಿಸಿದ ತಾಮ್ರದ ತಂತಿಯನ್ನು ಮರದ ಅಚ್ಚಿನ ಮೇಲೆ ಒತ್ತೊತ್ತಾಗಿ ಸುತ್ತಿ ಕಾಯಿಲು ಮಾಡುತ್ತ, ನೂರು ಸುತ್ತಿಗೊಂದು ಹುಣಿಸೆಬೀಜ ಬದಿಗಿಡುತ್ತಿದ್ದಳು. ಎಣಿಸುವಾಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಹೆಂಗಸಿನ ಕೆಲಸವೆಂದು ಗೊತ್ತಾದರೆ ಗಿರಾಕಿಗಳು ಬರಲಿಕ್ಕಿಲ್ಲ ಎಂಬ ಹೆದರಿಕೆ ಅಪ್ಪಯ್ಯನಿಗೆ.

ಆಗಿನ್ನೂ ಕೊಕ್ಕರ್ಣೆಗೆ ಕರೆಂಟಿನ ಲೈನು ಬಂದಿರಲಿಲ್ಲ. ಅಲ್ಲಿಯ ಅಕ್ಕಿ ಮಿಲ್ಲಿಗೆ ಬೆಳಕು ಕೊಡುತ್ತಿದ್ದ, ನಮ್ಮಲ್ಲೇ ಸುತ್ತಿಸಿದ್ದ ಡೈನಮೊ ಒಂದೇ ಮಳೆಗಾಲದಲ್ಲಿ ಎರಡು ಸಲ ಸುಟ್ಟಿತು. ಮೂರನೆಯ ಸಲವೂ ಸುಟ್ಟರೆ ಅಂಗಡಿಯ ಹೆಸರು ಹೋದಂತೆಯೇ. ಅಪ್ಪಯ್ಯ ಊಟ ಬಿಟ್ಟು ಕೂತರು. ಅತ್ತೆ ಹಳೆಯ ಕಾಯಿಲನ್ನು ಬಿಚ್ಚಿ, ಒಳಸುತ್ತುಗಳನ್ನು ಬೆರಳಿನಿಂದ ಒತ್ತಿ ನೋಡಿದಳು. "ನೂಲ್ ಚಂಡಿ ಇಪ್ಪತಿಗೆ ವಾರ್ನಿಶ್ ಬಳ್ದ್ರೆ ನೀರ್ ಒಳ್ಗೇ ಉಳಿತ್ತ್, ತಮ್ಮ. ಸುರೂವಿಗೆ ಒಣಗ್ಸ್ಕ್," ಎಂದಳು. ನೂಲಿನ ತೇವ ಆರುವ ಮೊದಲೇ ವಾರ್ನಿಶ್ ಬಳಿದದ್ದೇ ಕಾಯಿಲ್ ಸುಡಲು ಕಾರಣವಾಗಿತ್ತು. ಹೊಸ ಕಾಯಿಲನ್ನು ಎರಡು ದಿನ ಒಲೆಯ ಮೇಲೆ, ಝಳ ಮಾತ್ರ ತಾಗುವ ಎತ್ತರದಲ್ಲಿ ತೂಗುಹಾಕಿ, ಬಿಸಿ ಆರುವ ಮೊದಲೇ ವಾರ್ನಿಶಿನಲ್ಲಿ ಅದ್ದಿದಳು. ಮುಂದಿನ ಮಳೆಗಾಲ ಪೂರ್ತಿ ಕಳೆದರೂ ಡೈನಮೊ ಸುಡಲಿಲ್ಲ.

ಮಿಲ್ಲಿನ ಯಜಮಾನರು ಬಾಳೆಗೊನೆ ಹಿಡಿದುಕೊಂಡು ಬಂದರು. "ಹ್ವಾಯ್, ಗಟ್ಟಿ ಸುತ್ತಿದ್ರಿ ಮಾರಾಯ್ರೆ. ನಿಮ್ ಕೈಗುಣ," ಎಂದು ಅಪ್ಪಯ್ಯನನ್ನು ಹೊಗಳಿದರು. ಹತ್ತು ವರ್ಷದ ಹುಡುಗಿ ನಾನು, ತಡೆಯಲಾಗಲಿಲ್ಲ.

"ಸುತ್ತಿದ್ ಅಪ್ಪಯ್ಯ ಅಲ್ಲ, ಅತ್ತೆ," ಎಂದುಬಿಟ್ಟೆ.

ಅಪ್ಪಯ್ಯ ನೆಲ ನೋಡಿದರು. ಮಜ್ಜಿಗೆ ತಂದಿದ್ದ ಅತ್ತೆ ಲೋಟ ಕೆಳಗಿಟ್ಟು, ತಂತಿ ಕೊಯ್ದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಮಕ್ಳ್ ಮಾತ್ ಬಿಡಿ. ನಂಗೆಂತ ಗೊತ್ತಿತ್ ಅದ್ರದ್ದ್?" ಎಂದು ನಕ್ಕಳು. ಯಜಮಾನರೂ ನಕ್ಕರು. ಅಪ್ಪಯ್ಯ ಬಾಳೆಗೊನೆ ಎತ್ತಿ ಒಳಗಿಟ್ಟರು. ನನಗೆ ಅವರಿಗಿಂತ ಅತ್ತೆಯ ಮೇಲೇ ಹೆಚ್ಚು ಸಿಟ್ಟು ಬಂತು; ಎರಡು ದಿನ ಅವಳ ಹತ್ತಿರ ಮಾತು ಬಿಟ್ಟೆ. ಅವಳು ಏನೂ ಆಗದ ಹಾಗೆ ನನ್ನ ಜಡೆ ಹೆಣೆದಳು.

ಈಗ ಇಬ್ಬರೂ ಇಲ್ಲ. ಅಂಗಡಿಯನ್ನು ಕಂಡಿದ್ದ ಹಳಬರು ಸಿಕ್ಕಿದರೆ ಅಪ್ಪಯ್ಯನ ಕೆಲಸದ ಮಾತೆತ್ತುತ್ತಾರೆ. ನಾನು ಇಷ್ಟು ವರ್ಷ ಹೂಂಗುಟ್ಟುತ್ತ ಬಂದೆ; ಅತ್ತೆ ಆಡಿದ ಸುಳ್ಳನ್ನು ನಾನೂ ಕಾಯ್ದೆ. ಇನ್ನು ನನ್ನಿಂದಾಗದು. ಕೊಕ್ಕರ್ಣೆಯ ಆ ಡೈನಮೊಗೆ ತಂತಿ ಸುತ್ತಿದವಳು ಗಿರಿಜತ್ತೆ.