ಸದ್ಯಕ್ಕೆ ಡೈರೆಕ್ಟ್

ನಮ್ಮ ಕಸುಬಿನಲ್ಲಿ ನನಗೆ ವಾಕರಿಕೆ ತರಿಸುವ ಮಾತು ಒಂದೇ, 'ಡೈರೆಕ್ಟ್'. ಫ್ಯೂಸ್ ಹೋಯಿತೇ, ಡೈರೆಕ್ಟ್ ಕೊಡು. ಸ್ವಿಚ್ ಕೆಟ್ಟಿತೇ, ಡೈರೆಕ್ಟ್ ಕೊಡು. ಕಾಪಾಡಲೆಂದು ಇಟ್ಟದ್ದನ್ನೆಲ್ಲ ಕಿತ್ತು ತಂತಿಗೆ ತಂತಿ ಹೊಸೆದರೆ ನಮ್ಮಲ್ಲಿ ಅದಕ್ಕೆ ರಿಪೇರಿ ಎನ್ನುತ್ತಾರೆ. ಹಾಗೆನ್ನುವವರಲ್ಲಿ ನಾನೂ ಒಬ್ಬ.

ದುರ್ಗದಲ್ಲಿ ನಮ್ಮಪ್ಪ, ಅಬ್ಬನದು ಮೋಟಾರ್ ವೈಂಡಿಂಗ್ ಅಂಗಡಿ. ಅದರ ಒಂದು ಮೂಲೆಯಲ್ಲಿ ನಾನು ನೀರಿನ ಪಂಪುಗಳಿಗೆ ಕಂಟ್ರೋಲರ್ ಪೆಟ್ಟಿಗೆ ಕಟ್ಟುತ್ತೇನೆ. ಟ್ಯಾಂಕ್ ತುಂಬಿದರೆ ಮೋಟಾರು ತಾನೇ ನಿಲ್ಲಬೇಕು, ಖಾಲಿಯಾದರೆ ತಾನೇ ಓಡಬೇಕು. ಅದನ್ನು ನೋಡಿಕೊಳ್ಳುವುದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ನೀಲಿ ಸ್ವಿಚ್ಚು, ರಿಲೇ. ಮೋಟಾರಿನ ಭಾರ ಹೊರುವ ಶಕ್ತಿ ಅದಕ್ಕಿಲ್ಲ. ದೊಡ್ಡ ಕಾಂಟ್ಯಾಕ್ಟರಿನ ಕಾಯಿಲ್‌ಗೆ ಅದು ಕರೆಂಟು ಕೊಡುತ್ತದೆ, ಕಾಂಟ್ಯಾಕ್ಟರು ಮೋಟಾರನ್ನು ಓಡಿಸುತ್ತದೆ. ಆಫ್ ಆದಾಗಲೆಲ್ಲ ಆ ಕಾಯಿಲ್ ಹಿಂದಕ್ಕೆ ಒದೆಯುತ್ತದೆ, ರಿಲೇಯೊಳಗೆ ಕಿಡಿ ಹಾರುತ್ತದೆ. ಅದನ್ನು ತಡೆಯಲು ಕಾಯಿಲ್‌ಗೆ ಅಡ್ಡಲಾಗಿ ಎರಡು ಕಾಲಿನ ಸ್ನಬ್ಬರ್, ರಿಲೇ ದಾರಿಯಲ್ಲಿ ಸಣ್ಣದೊಂದು ಫ್ಯೂಸ್. ಇವೆರಡಿಲ್ಲದ ಪೆಟ್ಟಿಗೆಯನ್ನು ಅಬ್ಬ ಅಂಗಡಿಯ ಮೆಟ್ಟಿಲು ಇಳಿಯಲು ಬಿಡುವುದಿಲ್ಲ.

ತುರುವನೂರು ಕಡೆಯ ಒಂದು ಹಳ್ಳಿಗೆ ಅಂಥ ಪೆಟ್ಟಿಗೆ ಕೊಟ್ಟಿದ್ದೆ. ಅಲ್ಲಿ ನೀರು ಬಿಡುತ್ತಿದ್ದಾತ ಐವತ್ತು ದಾಟಿದ, ಕುರಿ ಕಾಯ್ದು ಬೆಳೆದ ಮನುಷ್ಯ. ಪಂಪ್‌ಹೌಸಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದ. ಕರೆಂಟಿರುವ ಕಡೆ ಭಕ್ತಿ ತೋರಿಸಬೇಡ, ಚಪ್ಪಲಿ ಮೆಟ್ಟಿಕೊಂಡೇ ಹೋಗಣ್ಣ ಎಂದು ಗದರಿದ್ದೆ.

ಒಂದು ಮಧ್ಯಾಹ್ನ ಆತನ ಫೋನು. ಹೊಸದುರ್ಗದಲ್ಲಿ ನೆಂಟರ ಮದುವೆ, ನನ್ನ ಕೈ ಬಿರಿಯಾನಿಯಲ್ಲಿತ್ತು. ಕಾಯಿಲ್ ಹತ್ತಿರದ ಎರಡು ಕಾಲಿನದು ಊದಿಕೊಂಡು ಸಿಡಿದಿದೆ, ಫ್ಯೂಸ್ ಹೋಗಿದೆ, ಊರಿಗೆ ನೀರಿಲ್ಲ ಎಂದ. ಮೇನ್ ಆಫ್ ಮಾಡಿ ಅದನ್ನು ಕತ್ತರಿಸಿ ಬಿಸಾಕು, ಫ್ಯೂಸಿನ ಜಾಗಕ್ಕೆ ತಂತಿ ಸುತ್ತು, ನಾಳೆ ಬರುತ್ತೇನೆ ಎಂದೆ.

"ಏನೂ ಆಗಲ್ಲ ತಾನೆ ಸಾಬ್ರೆ?"

"ಸದ್ಯಕ್ಕೆ ಡೈರೆಕ್ಟ್ ಕೊಟ್ಬಿಡಣ್ಣ, ಏನೂ ಆಗಲ್ಲ."

ಆ ನಾಳೆ ಬರಲೇ ಇಲ್ಲ. ಎರಡು ತಿಂಗಳು ಆತ ಫೋನ್ ಮಾಡುತ್ತಲೇ ಇದ್ದ. ನಾನು ಒಮ್ಮೆ ಹಿರಿಯೂರಿನಲ್ಲಿದ್ದೇನೆ ಎಂದೆ, ಒಮ್ಮೆ ಹೊಳಲ್ಕೆರೆಯಲ್ಲಿದ್ದೇನೆ ಎಂದೆ. ಎರಡು ಸಲವೂ ಅಂಗಡಿಯಲ್ಲೇ ಕೂತಿದ್ದೆ. ಕೊನೆಗೆ ಪಂಚಾಯ್ತಿ ಮೆಂಬರೇ ಫೋನ್ ಮಾಡಿದರು. ಮೋಟಾರು ನಿಲ್ಲದೆ ಓಡಿ, ಬೋರಿನಲ್ಲಿ ನೀರು ಮುಗಿದ ಮೇಲೂ ಓಡಿ ಸುಟ್ಟಿತ್ತು. ತಪ್ಪು ಪೆಟ್ಟಿಗೆಯದೋ ನೀರಿನವನದೋ ಬಂದು ಹೇಳಿ, ಅವನದಾದರೆ ಇವತ್ತೇ ಕೆಲಸದಿಂದ ತೆಗೆಯುತ್ತೇವೆ ಎಂದರು.

ಹೋದೆ. ಪೆಟ್ಟಿಗೆಯ ಬಾಗಿಲ ಮೇಲೆ ಯಾರೋ ಗುಟ್ಕಾ ಉಗಿದಿದ್ದರು. ತೆರೆದರೆ ಒಳಗೆ ಬೆಂದ ಹಲ್ಲಿ, ಅದರ ಹೊಟ್ಟೆ ಟರ್ಮಿನಲ್ಲಿಗೆ ಅಂಟಿತ್ತು. ಆ ನಾತಕ್ಕೆ ಮೂಗು ಮುಚ್ಚಿಕೊಂಡು ರಿಲೇ ಬಿಚ್ಚಿದೆ. ಕಿಡಿ ಹಾರಿ ಹಾರಿ, ಕರೆಂಟನ್ನು ಕೂಡಿಸಿ ಬಿಡಿಸುವ ಒಳಗಿನ ಎರಡು ಬಿಲ್ಲೆಗಳು ಕರಗಿ ಒಂದಾಗಿದ್ದವು. ಆಫ್ ಆಗುವುದು ಇನ್ನೆಲ್ಲಿ. ಸ್ನಬ್ಬರಿನ ಕಾಲುಗಳನ್ನು ಆತ ನೀಟಾಗಿ ಕತ್ತರಿಸಿ ತುದಿಗಳಿಗೆ ಟೇಪು ಸುತ್ತಿದ್ದ. ನಾನು ಹೇಳಿದ್ದನ್ನು ನನಗಿಂತ ಅಚ್ಚುಕಟ್ಟಾಗಿ ಮಾಡಿದ್ದ.

"ಯಾರ್ ಸಾಬ್ರೆ ಹಿಂಗೆ ಮಾಡಿರೋದು?" ಮೆಂಬರ್ ಕೇಳಿದರು. ಆತ ನನ್ನ ಮುಖವನ್ನೇ ನೋಡುತ್ತಿದ್ದ.

"ಯಾರೋ ಡೈರೆಕ್ಟ್ ಕೊಟ್ಟಿದಾರೆ" ಎಂದೆ.

ಈಗ ಹೇಳಿಬಿಡುತ್ತಾನೆ ಅಂದುಕೊಂಡೆ. ಹೇಳಿದ್ದರೆ ನಾನು ಅಲ್ಲ ಎನ್ನುತ್ತಿರಲಿಲ್ಲ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅಷ್ಟು ಹೇಸಿಗೆಯ ಮನುಷ್ಯ ನಾನು. ಆತ ನೆಲ ನೋಡಿದ.

"ನಂಗೆ ತಿಳೀಲಿಲ್ಲ ಸಾಮಿ, ತಪ್ಪಾತು."

ಹೊಸ ರಿಲೇ, ಸ್ನಬ್ಬರ್, ಫ್ಯೂಸ್ ಹಾಕಲು ಒಂದು ಗಂಟೆ ಹಿಡಿಯಿತು. ಆ ಕತ್ತಲ ಕೋಣೆಯಲ್ಲಿ ಅಷ್ಟು ಹೊತ್ತೂ ಆತ ಟಾರ್ಚ್ ಹಿಡಿದು ನಿಂತಿದ್ದ, ಬೆಳಕು ಸರಿಯಾಗಿ ನನ್ನ ಕೈ ಮೇಲೆ ಬೀಳುವ ಹಾಗೆ. ಮುಗಿದ ಮೇಲೆ ಉಡಿದಾರದಿಂದ ಪಂಪ್‌ಹೌಸಿನ ಬೀಗದಕೈ ಬಿಚ್ಚಿ ಮೆಂಬರ್ ಕೈಗಿಟ್ಟ. ನಾನು ಸ್ಕ್ರೂಡ್ರೈವರು, ಟೇಪು ಚೀಲಕ್ಕೆ ತುಂಬಿಕೊಂಡೆ.